ಕೊಟ್ಟಿಗೆಯ ಗೂಟಕ್ಕೆ ಕಟ್ಟಿದ ಕಾರಿನ ಕೀ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮೂವತ್ತು ವರ್ಷ ಒಂದು ವಿಮೆ ಕಂಪನಿಗೆ ವಾಹನಗಳ ಸರ್ವೇಯರ್ ಆಗಿದ್ದವನು ನಾನು. ಜಜ್ಜಿಹೋದ ಗಾಡಿಯ ಮುಂದೆ ನಿಂತು "ಹೇಗಾಯ್ತು?" ಎಂದು ಕೇಳುವುದೇ ನನ್ನ ಕೆಲಸ. ಹುಣಸೆ ಮರದ ತಿರುವಿನಲ್ಲಿ ಬಿಳಿ ಸೀರೆಯ ಹೆಂಗಸು ಅಡ್ಡ ಬಂದಳು ಸಾರ್ ಎಂದು ಹೇಳಿದವರು ಎಷ್ಟು ಮಂದಿಯೋ. ಆಕೆಯ ಹೆಸರು, ಊರು, ಫೋನ್ ನಂಬರ್ ಬರೆಸಿ ಅನ್ನುತ್ತಿದ್ದೆ. ಹೆಚ್ಚಿನವರು ತಲೆ ಕೆರೆದುಕೊಂಡು, ಕಣ್ಣು ಹತ್ತಿತ್ತು ಸಾರ್ ಎಂದು ಒಪ್ಪಿಕೊಳ್ಳುತ್ತಿದ್ದರು.

ಈಗ ನಾನೇ ಅಂಥವರ ಸಾಲಿಗೆ ಸೇರಿದ್ದೇನೆ. ನಗುವವರು ನಗಲಿ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಇದರಲ್ಲಿ ಮಧ್ಯರಾತ್ರಿಯಿಲ್ಲ, ಸ್ಮಶಾನವಿಲ್ಲ. ಎಲ್ಲ ನಡೆದದ್ದು ಹಾಡಹಗಲಲ್ಲಿ, ಒಂದೇ ವಾರದಲ್ಲಿ, ಏಳು ವರ್ಷದ ಹಿಂದೆ.

ಮಾಲೂರಿನಲ್ಲಿ ಶಾಮಣ್ಣ ಅಂತ ನನ್ನ ಗೆಳೆಯ. ಕೋಲಾರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ನಾನು ಮುರಿದ ಗಾಡಿಗಳ ಲೆಕ್ಕ ಬರೆಯುವವನಾದೆ, ಅವನು ಅವನ್ನು ಸರಿ ಮಾಡುವ ಮೆಕ್ಯಾನಿಕ್ ಆದ. ಮಾಲೂರಿನ ಹೆಂಚಿನ ಫ್ಯಾಕ್ಟರಿಯೊಂದರ ಶೆಡ್ಡಿನಲ್ಲಿ ಒಂದು ಹಳೇ ಕಾರು ನಿಂತಿತ್ತು. ಉದ್ದ ಮೂತಿ, ಎರಡು ಕಡೆಗೂ ಕಾಲಿಟ್ಟು ಹತ್ತುವ ಹಲಗೆ, ಹೊರಗೆ ಚಾಚಿದ ದೊಡ್ಡ ದೀಪಗಳು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಫ್ಯಾಕ್ಟರಿಯ ಮಾಲೀಕರು ಒಂದು ದಿನ ಶಾಮಣ್ಣನಿಗೆ, "ಇದು ಓಡೋ ಹಂಗೆ ಮಾಡಿದ್ರೆ ಗಾಡಿ ನಿಂದೇ ತಗೋ" ಅಂದಿದ್ದರಂತೆ. ಆ ಒಂದು ಮಾತಿಗೆ ಶಾಮಣ್ಣ ಆರು ವರ್ಷ ಭಾನುವಾರಗಳನ್ನೆಲ್ಲ ಸುರಿದ. ಸಿಗದ ಬಿಡಿಭಾಗಗಳನ್ನು ತಾನೇ ತಗಡು ಬಡಿದು ಮಾಡಿಕೊಂಡ. ಎಂಜಿನ್ ಮೊದಲ ಸಲ ಕೆಮ್ಮಿ ಎದ್ದ ದಿನ ನನಗೆ ಫೋನ್ ಮಾಡಿ ಮಾತೇ ಆಡದೆ ಅದರ ಸದ್ದು ಕೇಳಿಸಿದ.

ಅಷ್ಟರಲ್ಲಿ ಆ ಮಾಲೀಕರು ತೀರಿಕೊಂಡರು. ಮಗ ಫ್ಯಾಕ್ಟರಿ ಕೆಡವಿ ಜಾಗ ಸಮ ಮಾಡಿಸಲು ಹೊರಟ. ಕೆಟ್ಟವನೇನಲ್ಲ, ಅಪ್ಪನ ಮಾತಿಗೆ ಮರ್ಯಾದೆ ಕೊಟ್ಟ. ಆದರೆ ದಾಖಲೆಯಿಲ್ಲದ ಗಾಡಿಯನ್ನು ಇಟ್ಟುಕೊಳ್ಳುವುದಿಲ್ಲ, ಶನಿವಾರದೊಳಗೆ ನಿಮ್ಮ ಹೆಸರಿಗೆ ಅರ್ಜಿ ಹಾಕಿದ ರಸೀದಿ ತೋರಿಸಿ, ಇಲ್ಲದಿದ್ದರೆ ಭಾನುವಾರ ಗುಜರಿಯವರು ಬಂದು ಕತ್ತರಿಸಿಕೊಂಡು ಹೋಗುತ್ತಾರೆ ಎಂದ. ಶಾಮಣ್ಣನಿಗೆ ಆಗಲೇ ಬಲಗೈ ನಡುಕ ಶುರುವಾಗಿತ್ತು. ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಇನ್ನೊಂದು ಗಾಡಿ ಅವನ ಕೈಯಲ್ಲಿ ಆಗುವುದಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಪೇಪರ್ ಕೆಲ್ಸ ನಂದು, ನೀನು ಸುಮ್ನಿರೋ" ಎಂದು ಜಂಬ ಕೊಚ್ಚಿ ಆರ್‌ಸಿ ಪುಸ್ತಕ ಇಸಿದುಕೊಂಡು ಬಂದೆ.

ಪುಸ್ತಕ ತೆರೆದರೆ ಹೆಸರು ಮೊದಲ ಮಾಲೀಕರದೇ. ತಾಯಲೂರು ಕಡೆಯ ನಾರಾಯಣಪ್ಪ ಎಂಬ ದೊಡ್ಡ ಹಿಡುವಳಿದಾರರು. ಅಲ್ಲಿಂದ ಗಾಡಿ ಮೂರು ಕೈ ಬದಲಾಗಿದ್ದರೂ ಯಾರೂ ಹೆಸರು ಬದಲಿಸಿರಲಿಲ್ಲ. ನಮ್ಮ ಕಡೆ ಹಿಂದೆ ಎಲ್ಲರೂ ಮಾಡುತ್ತಿದ್ದದ್ದೇ ಹಾಗೆ. ಖಾಲಿ ಫಾರಂಗೆ ಸಹಿ ಮಾಡಿ ಕೊಟ್ಟುಬಿಡುವುದು, ಕೊಂಡವನು ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆಯುವುದು. ಆ ಫಾರಂ ಯಾವತ್ತೋ ಗೆದ್ದಲಿನ ಪಾಲಾಗಿತ್ತು. ಆರ್‌ಟಿಓ ಆಫೀಸಿನಲ್ಲಿ ವಿಚಾರಿಸಿದೆ. ನಾರಾಯಣಪ್ಪ ಇಲ್ಲದಿದ್ದರೆ ಅವರ ವಾರಸುದಾರರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು, ಅದನ್ನು ಕಣ್ಣಾರೆ ಕಂಡ ಸಾಕ್ಷಿಯೊಬ್ಬರು ಸಹಿ ಮಾಡಬೇಕು ಅಂದರು. ಸಾಕ್ಷಿ ನಾನೇ ಆಗುತ್ತೇನೆ ಅಂದೆ. ಆಫೀಸಿನವರಿಗೆಲ್ಲ ನನ್ನ ಸಹಿ ಗೊತ್ತಿತ್ತು.

ಸೋಮವಾರ ಸ್ಕೂಟರ್ ಹತ್ತಿದೆ. ಫ್ಯಾಕ್ಟರಿಯವರಿಗೆ ಕಾರು ಮಾರಿದ್ದವರು ಕೋಲಾರದ ಒಬ್ಬ ಡಾಕ್ಟರು. ಅವರೂ ಈಗಿಲ್ಲ. ಸೊಸೆ ಕಾರಿನ ಹೆಸರೆತ್ತಿದ ಕೂಡಲೇ ದೇವರ ಮನೆಗೆ ಹೋಗಿ ಅರಿಶಿನ ಮೆತ್ತಿದ ಒಂದು ಕೀ ತಂದು ತೋರಿಸಿದಳು. ಕಾರು ಕೊಡುವಾಗ ಮಾವನವರು ಹೊಸ ಕೀ ಮಾಡಿಸಿ ಕೊಟ್ಟು, ತಾವು ಬಳಸಿದ್ದನ್ನು ಮನೆಯಲ್ಲೇ ಉಳಿಸಿಕೊಂಡಿದ್ದರಂತೆ.

ಏಕೆಂದು ನನಗೆ ತಕ್ಷಣ ತಿಳಿಯಿತು. ನಮ್ಮಲ್ಲಿ ದನ ಮಾರಿದರೂ ಹಗ್ಗ ಮಾರುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಹಾಕಿಕೊಂಡು ಹೋಗಬೇಕು, ಹಳೇ ಹಗ್ಗ ಗೂಟದಲ್ಲೇ ಉಳಿಯಬೇಕು. ಹಗ್ಗ ಹೋದರೆ ಕೊಟ್ಟಿಗೆಯ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆ ಅನ್ನುವುದು ನಂಬಿಕೆ. ಡಾಕ್ಟರಾಗಿದ್ದರೇನು, ಅವರೂ ರೈತರ ಮನೆಯಿಂದ ಬಂದವರೇ. ಕಾರಿಗೂ ಅದೇ ಲೆಕ್ಕ ಹಚ್ಚಿದ್ದರು. ನನಗೆ ಒಳಗೊಳಗೇ ನಗು ಬಂತು.

ಡಾಕ್ಟರಿಗೆ ಮಾರಿದ್ದವರು ಗೌನಿಪಲ್ಲಿಯ ಮಾವಿನ ವ್ಯಾಪಾರಿ. ಈಗ ತೋಟ ನೋಡಿಕೊಳ್ಳುವವನು ಅವರ ಮಗ ರಾಮಿರೆಡ್ಡಿ. "ಕೂರ್ಚೋಂಡಿ ಸಾರ್" ಎಂದು ಚಾಪೆ ಹಾಸಿ, ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಹಾಕಿ ಕೊಟ್ಟ. ಅವನ ಮನೆಯಲ್ಲೂ ಬಾಗಿಲ ಮೇಲಿನ ಮೊಳೆಯಲ್ಲಿ ಒಂದು ಕೀ ತೂಗುತ್ತಿತ್ತು. ಹಿತ್ತಾಳೆಯದು, ತಲೆಯ ಒಂದು ಬದಿ ಮುರಿದಿತ್ತು. ನಾರಾಯಣಪ್ಪ ಕಾರಿನ ಜೊತೆಗೇ ಕೊಟ್ಟ ಮೂಲ ಕೀ ಅದೇ ಅಂದ. ನಾರಾಯಣಪ್ಪ ಈಗಿಲ್ಲ, ಅವರ ಹೆಂಡತಿ ಮುನಿವೆಂಕಟಮ್ಮ ಇನ್ನೂ ಗಟ್ಟಿಯಾಗಿದ್ದಾರಂತೆ ಎಂಬ ಸುದ್ದಿಯೂ ಅವನಿಂದಲೇ ಸಿಕ್ಕಿತು. ಕೆಲಸ ಆಯಿತೆಂದೇ ತಿಳಿದು ಶಾಮಣ್ಣನಿಗೆ ಫೋನ್ ಮಾಡಿ, ಟೈರಿಗೆ ಗಾಳಿ ಹೊಡೆಸಿಡು ಎಂದುಬಿಟ್ಟೆ.

ಮಂಗಳವಾರ ಬೆಳಿಗ್ಗೆ ತಾಯಲೂರಿಗೆ ಹೋದೆ. ಊರಿನಿಂದ ಸ್ವಲ್ಪ ಆಚೆ, ಹಿಪ್ಪುನೇರಳೆ ತೋಟದ ಪಕ್ಕ ಮನೆ. ಮುನಿವೆಂಕಟಮ್ಮ ಜಗುಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಎಂಬತ್ತು ದಾಟಿದ್ದರೂ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಚೆನ್ನಾಗಿತ್ತು. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ನಾನು ಫಾರಂ ತೆಗೆದು ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಕೀ ತಂದಿದ್ದೀಯಾ ನಾಯನಾ?" ಅಂದರು.

ಇಲ್ಲವೆಂದೆ. ಆಗ ಅವರು ಹೇಳಿದ್ದು ಇಷ್ಟು. ಗಂಡ ಕಾರು ಮಾರಿದ ದಿನ ಇವರು ತವರಿಗೆ ಹೋಗಿದ್ದರು. ಆತ ಅವಸರದಲ್ಲಿ ಇದ್ದೊಂದು ಕೀಯನ್ನೂ ಕೊಟ್ಟು ಕಳಿಸಿಬಿಟ್ಟರು. ವರ್ಷ ತುಂಬುವುದರೊಳಗೆ ಆತ ಹೋದರು, ಕೊಟ್ಟಿಗೆಯಲ್ಲಿ ಕಟ್ಟಿದ ಒಂದು ದನವೂ ನಿಲ್ಲಲಿಲ್ಲ. "ಕಾರು ಹೋಗ್ಲಿ, ಅದು ಹೋಗೋ ವಸ್ತುನೇ. ಹಗ್ಗ ಬರ್ಬೇಕು. ಹಗ್ಗ ಬಂದ್ರೆ ಹೆಬ್ಬೆಟ್ಟು ಒತ್ತೀನಿ, ಇಲ್ದಿದ್ರೆ ಯಮ ಬಂದು ಕೇಳಿದ್ರೂ ಒತ್ತಲ್ಲ."

ಫಾರಂ ಅವರ ಮನೆಯಲ್ಲೇ ಬಿಟ್ಟು, ಮುಳಬಾಗಿಲು, ಶ್ರೀನಿವಾಸಪುರ ದಾಟಿ ಮಧ್ಯಾಹ್ನದ ಬಿಸಿಲಲ್ಲೇ ಗೌನಿಪಲ್ಲಿಗೆ ಸ್ಕೂಟರ್ ಓಡಿಸಿದೆ. ರಾಮಿರೆಡ್ಡಿ ನಿನ್ನೆಯಷ್ಟೇ ಪ್ರೀತಿಯಿಂದ ಕರೆದು ಕೂರಿಸಿದ. ಕೀ ಕೇಳಿದ ಕೂಡಲೇ ಮುಖ ಬದಲಾಯಿತು.

"ಅದಿ ಮಾತ್ರಂ ಅಡಗೊದ್ದು ಸಾರ್. ಅದೊಂದು ಬಿಟ್ಟು ಬೇರೇನಾದ್ರೂ ಕೇಳಿ. ನಮ್ಮಪ್ಪ ಕಟ್ಟಿದ್ದು, ನಾನು ಹೆಂಗೆ ಬಿಚ್ಲಿ? ನಮ್ಗೂ ಮಕ್ಳು ಮರಿ ಇಲ್ವಾ?"

ಆ ಅಮ್ಮನಿಗೆ ಹಗ್ಗ ಬರಬೇಕು, ಇವನು ಹಗ್ಗ ಬಿಡಬಾರದು. ಇಬ್ಬರ ನಂಬಿಕೆಯೂ ಒಂದೇ, ಅದಕ್ಕೇ ಇಬ್ಬರೂ ಬಗ್ಗುವ ಹಾಗಿರಲಿಲ್ಲ. ನಡುವೆ ಶಾಮಣ್ಣನ ಆರು ವರ್ಷ ಸಿಕ್ಕಿಕೊಂಡಿತ್ತು. ಅಲ್ಲಿ ನಾನೊಂದು ತಪ್ಪು ಮಾಡಿದೆ. ಬಿಸಿಲಿಗೆ ತಲೆ ಕಾದಿತ್ತು ಅಂತ ನೆಪ ಹೇಳಬಹುದು, ಆದರೆ ನನ್ನ ನಾಲಿಗೆಯೇ ಹಾಗೆ. ಕೈಮುಗಿದು ಕೇಳಬೇಕಾದ ಕಡೆ ಕಾನೂನು ಮಾತಾಡಿದೆ. ಯಾವ ಬೀಗಕ್ಕೂ ಆಗದ ಮುರುಕು ಕೀಗೆ ಪೂಜೆ ಮಾಡುತ್ತೀರಲ್ಲ, ನಾಚಿಕೆ ಆಗಲ್ವೇನ್ರೀ ಅಂದುಬಿಟ್ಟೆ. ರಾಮಿರೆಡ್ಡಿ ಜಗಳವಾಡಲಿಲ್ಲ. ಎದ್ದು ನಿಂತು ನನ್ನ ಚಪ್ಪಲಿಯ ಕಡೆ ನೋಡಿದ. ನಾನು ಹೊರಟು ಬಂದೆ.

ಸಂಜೆ ಶಾಮಣ್ಣನಿಗೆ ಫೋನ್ ಮಾಡಿ ಆಗಲಿಲ್ಲ ಕಣೋ ಅಂದೆ. ಅವನು ಬೈದಿದ್ದರೆ ವಾಸಿ ಇತ್ತು. "ಹೋಗ್ಲಿ ಬಿಡ್ಲಾ, ನೀನೇನ್ ಮಾಡ್ತೀಯ, ಅಷ್ಟು ಓಡಾಡಿದ್ಯಲ್ಲ" ಅಂದ. ಆಮೇಲೆ, ಕತ್ತರಿಸೋಕೆ ಮುಂಚೆ ಮುಂದಿನ ದೀಪ ಎರಡು ಬಿಚ್ಚಿಕೊಡ್ತಾರಾ ಕೇಳ್ತೀನಿ ಅಂದ. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಊಟ ಸೇರಲಿಲ್ಲ.

ಬುಧವಾರ ಬೆಳಿಗ್ಗೆ ಏಳಲು ಆಗಲಿಲ್ಲ. ಮೈ ಕೆಂಡ. ಹೆಂಡತಿ ಮಾತ್ರೆ ಕೊಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕಿ, ಅದೇ ಕೋಣೆಯಲ್ಲಿ ಕೂತು ದಿನವೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ಮಧ್ಯಾಹ್ನ ಎರಡು ಸಲ ಗಂಜಿ ಕುಡಿಸಲು ಎಬ್ಬಿಸಿದಳಂತೆ, ನಾನು ಏಳಲಿಲ್ಲವಂತೆ. ನನಗೆ ಎಚ್ಚರವಾದಾಗ ದೀಪ ಹಚ್ಚಿದ್ದರು. ಜ್ವರ ಬಿಟ್ಟಿತ್ತು. ಕಾಲು ಮಾತ್ರ ಒನಕೆಯಲ್ಲಿ ಕುಟ್ಟಿದ ಹಾಗೆ ನೋಯುತ್ತಿತ್ತು. ಅವಳು ಎಣ್ಣೆ ಹಚ್ಚಿ ತಿಕ್ಕಿದಳು. ಜ್ವರಕ್ಕೆ ಕಾಲುನೋವು ಇದ್ದದ್ದೇ ಎಂದು ನಾನೂ ಸುಮ್ಮನಾದೆ. ಕನಸು ಬಿದ್ದಿತ್ತೇ ಎಂದು ಆಮೇಲೆ ಎಷ್ಟೋ ಸಲ ನೆನಪಿಸಿಕೊಂಡು ನೋಡಿದ್ದೇನೆ. ಏನೂ ಇಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ತಲೆಯಲ್ಲಿ ಏನೂ ಇಲ್ಲ.

ಗುರುವಾರ ಹೆಂಡತಿ ಬೇಡವೆಂದರೂ ಕೇಳದೆ ಬಸ್ಸು ಹಿಡಿದು ಮತ್ತೆ ತಾಯಲೂರಿಗೆ ಹೋದೆ. ಕೀ ಇಲ್ಲದೆಯೇ ಹೇಗಾದರೂ ಒಪ್ಪಿಸುತ್ತೇನೆ, ಈ ಸಲ ನಾಲಿಗೆ ಬಿಗಿ ಹಿಡಿದು ಮಾತಾಡುತ್ತೇನೆ ಎಂದುಕೊಂಡಿದ್ದೆ. ಮುನಿವೆಂಕಟಮ್ಮ ನನ್ನನ್ನು ಕಂಡು ನಕ್ಕರು. ಮಂಗಳವಾರ ನಕ್ಕಿರಲಿಲ್ಲ.

"ಪೇಪರ್ ಬಿಟ್ಟು ಹೋಗಿದ್ದಕ್ಕೆ ಮತ್ತೆ ಬಂದ್ಯಾ ನಾಯನಾ? ನಾನೂ ಕೂಗ್ದೆ, ನೀನು ತಿರುಗೀನೂ ನೋಡಲಿಲ್ಲ."

ಮಂಗಳವಾರದ ಮಾತು ಅಂದುಕೊಂಡೆ. ಅವರು ಒಳಗೆ ಹೋಗಿ ಫಾರಂ ತಂದು ಕೊಟ್ಟರು. ಅದರ ಮೇಲೆ ಅವರ ಹೆಬ್ಬೆಟ್ಟು ಇತ್ತು. ಪೆನ್ನಿನ ಮಸಿ ಬಳಿದು ಒತ್ತಿದ್ದು. ಕೆಳಗೆ, ಸಾಕ್ಷಿಯ ಜಾಗದಲ್ಲಿ, ನನ್ನ ಸಹಿ ಇತ್ತು.

ನಾನು ಕೂತುಬಿಟ್ಟೆ. ಕಳ್ಳ ಸಹಿ ಹಿಡಿಯುವುದೇ ನನ್ನ ಅನ್ನವಾಗಿತ್ತು. ನಕಲು ಮಾಡುವವನ ಕೈ ಎಲ್ಲೋ ಒಂದು ಕಡೆ ಹೆದರಿ ನಿಲ್ಲುತ್ತದೆ, ಗೆರೆ ಅಲ್ಲಿ ದಪ್ಪಗಾಗುತ್ತದೆ. ಇಲ್ಲಿ ಅಂಥದ್ದು ಯಾವುದೂ ಇರಲಿಲ್ಲ. ಕೊನೆಯ ಅಕ್ಷರದ ಬಾಲವನ್ನು ಸುತ್ತಿ ಅದರ ಹೊಟ್ಟೆಯೊಳಗೆ ತಾರೀಖು ಬರೆಯುವುದು ನನ್ನ ಅಭ್ಯಾಸ. ಅದರೊಳಗೆ ಬುಧವಾರದ ತಾರೀಖಿತ್ತು.

"ಇದನ್ನ ಯಾರಮ್ಮ ಮಾಡಿದ್ದು?" ಅಂದೆ.

"ಇದೇನಂಗಂತೀಯ? ನೀನೇ ಅಲ್ವಾ ನಿನ್ನೆ ಹೊತ್ತು ಇಳಿಯೋವಾಗ ಬಂದಿದ್ದು? ನಡ್ಕೊಂಡು ಬಂದೆ, ಕಾಲೆಲ್ಲ ಧೂಳು. ನಾನೇ ಚೊಂಬಲ್ಲಿ ನೀರು ಕೊಟ್ನಲ್ಲಪ್ಪ. ಕೀ ಕೈಗೆ ಹಾಕಿ ಕಾಲಿಗೆ ಬಿದ್ದೆ." ಅಷ್ಟು ಹೇಳಿ ನನ್ನ ಮುಖ ನೋಡಿದರು. "ಹುಷಾರಿಲ್ವಾ?"

ಕೊಟ್ಟಿಗೆಗೆ ಕರೆದುಕೊಂಡು ಹೋಗಿ ತೋರಿಸಿದರು. ಖಾಲಿ ಕೊಟ್ಟಿಗೆ, ಗುಡಿಸಿ ಸಾರಿಸಿತ್ತು. ಗೂಟಕ್ಕೆ ಅರಿಶಿನದ ದಾರದಲ್ಲಿ ಕೀ ಕಟ್ಟಿತ್ತು. ಹಿತ್ತಾಳೆಯದು, ತಲೆಯ ಒಂದು ಬದಿ ಮುರಿದದ್ದು. ಮುಟ್ಟಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಅಲ್ಲಿಂದ ಓಡಿಹೋಗೋಣ ಅನ್ನಿಸಿತು.

ಒಂದು ಉಪಾಯ ಹೊಳೆಯಿತು. ನನ್ನ ಚೀಲದಲ್ಲಿ ಇನ್ನೊಂದು ಖಾಲಿ ಫಾರಂ ಇತ್ತು. ಈಗ ನನ್ನ ಕಣ್ಣೆದುರೇ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮೊದಲಿನ ಫಾರಂ ಹರಿದು ಹಾಕಬಹುದು, ಎಲ್ಲವೂ ಸರಿಹೋಗುತ್ತದೆ. ಮುನಿವೆಂಕಟಮ್ಮ ಒಪ್ಪಲಿಲ್ಲ. "ಒಂದು ದನಾನ ಎರಡು ಸಲ ಮಾರ್ತಾರಾ ಯಾರಾದ್ರೂ? ಕೊಟ್ಟಾಯ್ತು. ಹೋಗು" ಅಂದರು. ಎಷ್ಟು ಹೇಳಿದರೂ ಅದೇ ಮಾತು.

ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ರಾಮಿರೆಡ್ಡಿಗೆ ಫೋನ್ ಮಾಡಿದೆ. ಏನು ಕೇಳಬೇಕೆಂದೇ ತಿಳಿಯಲಿಲ್ಲ. ನಿನ್ನೆ ನಾನು ನಿಮ್ಮ ಮನೆಗೆ ಬಂದಿದ್ದೆನಾ ಎಂದು ಯಾರನ್ನಾದರೂ ಹೇಗೆ ಕೇಳುವುದು? ಕೀ ತಾಯಲೂರು ಸೇರಿತು ಎಂದಷ್ಟೇ ಹೇಳಿದೆ.

"ಒಳ್ಳೇದಾಯ್ತು ಸಾರ್," ಅಂದ ಅವನು. "ನನ್ಗೂ ಮನಸು ಹಗುರಾಯ್ತು. ಮಂಗಳವಾರ ನೀವು ಅಂದಿದ್ಕೆ ನಂಗೆ ಬಾಳ ಬೇಜಾರಾಗಿತ್ತು, ಯಾಕ್ ಸುಳ್ಳು ಹೇಳ್ಲಿ. ಆದ್ರೆ ನಿನ್ನೆ ಬೆಳಿಗ್ಗೆ ಬಾಗ್ಲಲ್ಲಿ ನಿಂತ್ಕೊಂಡು ಅಂಗೆ ಅತ್ಬುಟ್ರಲ್ಲ. ನನ್ನ ಗೆಳೆಯನ ಕೈ ನಡುಗುತ್ತೆ ಅಂತ ಅಳ್ತಾನೇ ಇದ್ರಿ. ನಮ್ಮಮ್ಮನೇ ಹೋಗಿ ಮೊಳೆಯಿಂದ ಬಿಚ್ಚಿಕೊಟ್ಲು. ವಯಸ್ಸಾದೋರು ಅಷ್ಟು ಅತ್ರೆ ಯಾರ್ ಸಾರ್ ಇಲ್ಲ ಅಂತಾರೆ?"

ಫೋನ್ ಇಟ್ಟು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ. ಎರಡು ಬಸ್ಸು ಬಿಟ್ಟೆ. ನಾನು ಅಳುವವನಲ್ಲ. ನಮ್ಮಪ್ಪ ಸತ್ತಾಗಲೂ ಹೆಣ ಎತ್ತುವವರಿಗೆ ಲೆಕ್ಕ ಹೇಳುತ್ತಾ ನಿಂತಿದ್ದವನು. ಶಾಮಣ್ಣನ ಕೈ ನಡುಗುವ ವಿಷಯವನ್ನು ರಾಮಿರೆಡ್ಡಿಗೆ ನಾನು ಹೇಳಿಯೇ ಇರಲಿಲ್ಲ. ಹೇಳಿದ್ದರೆ ಮಂಗಳವಾರವೇ ಕೊಡುತ್ತಿದ್ದನೇನೋ. ಮನೆಗೆ ಬಂದು ಹೆಂಡತಿಯನ್ನು ಕೂರಿಸಿಕೊಂಡು ಬುಧವಾರದ ಒಂದೊಂದು ಗಂಟೆಯನ್ನೂ ಕೇಳಿದೆ. ಅಡಿಗೆಮನೆಗೆ ಹೋಗಿಬಂದದ್ದು ಬಿಟ್ಟರೆ ನಿಮ್ಮನ್ನು ಬಿಟ್ಟು ಏಳಲೇ ಇಲ್ಲ ಅಂದಳು. ಸ್ಕೂಟರಿನ ಕೀ ಇಡೀ ದಿನ ಅವಳ ಸೊಂಟದಲ್ಲೇ ಇತ್ತಂತೆ, ನಾನು ಜ್ವರದಲ್ಲಿ ಎದ್ದು ಹೊರಡುತ್ತೇನೆ ಅನ್ನುವ ಭಯಕ್ಕೆ.

ಶುಕ್ರವಾರ ಆಫೀಸಿಗೆ ಹೋದಾಗ ಶಾಮಣ್ಣ ಆಗಲೇ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಗುಂಡಿಗಳನ್ನು ಯಾರೋ ಹಾಕಿಕೊಟ್ಟಿರಬೇಕು, ಸರಿಯಾಗಿದ್ದವು. ಫಾರಂ ನನ್ನ ಜೇಬಿನಲ್ಲಿತ್ತು. ರಾತ್ರಿಯೆಲ್ಲ ಯೋಚಿಸಿ ಒಂದು ತೀರ್ಮಾನಕ್ಕೂ ಬಂದಿರಲಿಲ್ಲ. ಇದು ನನ್ನ ಸಹಿಯಲ್ಲ ಅಂದರೆ ಭಾನುವಾರ ಗಾಡಿಗೆ ಗ್ಯಾಸ್ ಕಟರ್ ಬೀಳುತ್ತದೆ. ನನ್ನದೇ ಅಂದರೆ, ಜೀವಮಾನವೆಲ್ಲ ಯಾವ ಸುಳ್ಳನ್ನು ಹಿಡಿದು ಹೊರಗೆ ಹಾಕಿದೆನೋ ಅದನ್ನೇ ನಾನು ಹೇಳಿದ ಹಾಗೆ. ಕೊನೆಗೆ ಫಾರಂ ತೆಗೆದು ಕೌಂಟರಿನ ಮೇಲಿಟ್ಟೆ.

ಗುಮಾಸ್ತೆ ಹುಡುಗಿ ಹೊಸಬಳು, ಚುರುಕು. ಫಾರಂ ತಿರುಗಿಸಿ ನೋಡಿದಳು, ಹೆಬ್ಬೆಟ್ಟನ್ನು ನೋಡಿದಳು, ತಲೆಯೆತ್ತಿ ನನ್ನನ್ನು ನೋಡಿದಳು.

"ಸಾರ್, ಕೇಳ್ಬೇಕು ಅಂತ ಕೇಳ್ತಿದ್ದೀನಿ. ಆಯಮ್ಮ ಹೆಬ್ಬೆಟ್ಟು ಒತ್ತಿದ್ದನ್ನ ನೀವೇ ಕಣ್ಣಾರೆ ನೋಡಿದ್ದೀರಾ?"

ಶಾಮಣ್ಣ ಕೌಂಟರಿನ ಕಟ್ಟೆ ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ನೋಡಿದೀನಮ್ಮ" ಅಂದೆ.

ಅವಳು ಮುದ್ರೆ ಒತ್ತಿದಳು. ಶಾಮಣ್ಣನ ಕೈಗೆ ರಸೀದಿ ಬಂತು. ಅದನ್ನು ಮಡಿಸಲು ಅವನಿಗೆ ಆಗಲಿಲ್ಲ, ನಾನೇ ಮಡಿಸಿ ಅವನ ಜೇಬಿಗಿಟ್ಟೆ.

ಆಮೇಲೆ ನಾನು ಬೆಂಗಳೂರಿಗೆ ಹೋಗಿ ತಲೆಯ ಪರೀಕ್ಷೆ ಮಾಡಿಸಿಕೊಂಡು ಬಂದೆ. ಏನೂ ದೋಷವಿಲ್ಲ ಅಂದರು. ಹೆಂಡತಿಯ ಮಾತನ್ನು ನಾನು ಅನುಮಾನಿಸಲಾರೆ. ಮುನಿವೆಂಕಟಮ್ಮನಿಗೂ ರಾಮಿರೆಡ್ಡಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ, ಸೇರಿಕೊಂಡು ನಾಟಕ ಆಡಿದರು ಅನ್ನಲು ಕಾರಣವೂ ಇಲ್ಲ. ನಾನು ಇನ್ನೊಬ್ಬ ಸರ್ವೇಯರ್ ಆಗಿ ನನ್ನ ಮುಂದೆ ಕೂತಿದ್ದರೆ ಈ ಕ್ಲೇಮನ್ನು ಖಂಡಿತ ತಿರಸ್ಕರಿಸುತ್ತಿದ್ದೆ. ಆ ದಿನ ಕೌಂಟರಿನಲ್ಲಿ ನಾನು ಹೇಳಿದ್ದು ಸುಳ್ಳೇ, ನಿಜವೇ? ಏಳು ವರ್ಷವಾಯಿತು, ಗೊತ್ತಾಗಿಲ್ಲ.

ಅವತ್ತು ಆಫೀಸಿನ ಮೆಟ್ಟಿಲಿಳಿಯುವಾಗ ಶಾಮಣ್ಣ ಕೇಳಿದ, "ಆ ರೆಡ್ಡಿ ಹೆಂಗ್ಲಾ ಒಪ್ಕೊಂಡ? ಏನ್ ಮಾಡ್ದೆ?"

"ಅತ್ತುಬಿಟ್ಟೆ ಕಣೋ" ಅಂದೆ.

ಅವನು ಮೆಟ್ಟಿಲ ಮೇಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. "ನೀನಾ? ಹೋಗ್ಲಾ, ಹೇಳೋದಾದ್ರೂ ನಂಬೋ ಹಂಗೆ ಹೇಳು."

ನನ್ನನ್ನು ಚಿಕ್ಕಂದಿನಿಂದ ಬಲ್ಲವನು, ಸರಿಯಾಗಿಯೇ ಹೇಳಿದ. ಅವನಿಗಾಗಿ ಅಳಬೇಕಾಗಿದ್ದವನು ನಾನು. ಅತ್ತವನು ಯಾರೋ.